ಆರತಿ ಎತ್ತಿ ಒಳಗೆ ಕರೆದ ಜೇನು

ಹೋದ ವಾರ ಉಡಿಗಾಲಕ್ಕೆ ಹೋಗಿದ್ದೆ. ಸವಿತಾ ಅನ್ನುವ ಹೆಣ್ಣುಮಗಳೊಬ್ಬಳು ಹೊಸದಾಗಿ ಜೇನು ಪೆಟ್ಟಿಗೆ ತಂದಿದ್ದಳು. ತಂದವಳು ಅದರ ಹತ್ತಿರ ಹೋಗುವುದಕ್ಕೇ ಅಂಜಿ, ನನಗೆ ಫೋನ್ ಮಾಡಿ ಕರೆಸಿದ್ದಳು. ಅವರ ಹಿತ್ತಲಲ್ಲಿ ಮುಚ್ಚಳ ಎತ್ತಿದೆ. ಬೆಚ್ಚಗಿನ ಮೇಣದ ವಾಸನೆ, ಅದರೊಳಗೆ ಬೆರೆತ ಹೂವಿನ ಪುಡಿಯ ಸಣ್ಣ ಹುಳಿ, ಒಟ್ಟಿಗೇ ಮುಖಕ್ಕೆ ಬಡಿಯಿತು. ಎಷ್ಟು ಪೆಟ್ಟಿಗೆ ತೆರೆದಿದ್ದರೂ ಆ ವಾಸನೆ ನನ್ನ ಮೂಗಿಗೆ ಇನ್ನೂ ಹಳತಾಗಿಲ್ಲ.

ಸವಿತಾ ಸೆರಗನ್ನು ಕಿವಿಯ ತನಕ ಸುತ್ತಿಕೊಂಡು ಮಾರು ದೂರದಲ್ಲಿ ನಿಂತಿದ್ದಳು. "ಅಕ್ಕಾ, ನೀವೂ ಮೊದ್ಲು ಇಂಗೇ ಎದರ್ಕತಿದ್ರಾ?" ಎಂದು ಕೇಳಿದಳು.

"ಎದ್ರುಕೆ ಇರ್ನಿಲ್ಲ ಕಣಮ್ಮಿ, ಬುದ್ಧಿ ಇರ್ನಿಲ್ಲ" ಅಂದೆ. ಇಬ್ಬರೂ ನಕ್ಕೆವು.

ಈಗ ಕುದೇರು, ಸಂತೆಮರಹಳ್ಳಿ, ಗುಂಡ್ಲುಪೇಟೆ ಕಡೆ ನನ್ನನ್ನು ಜೇನಿನ ರತ್ನಮ್ಮ ಅನ್ನುತ್ತಾರೆ. ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರು ತಾವೇ ಮುಂದೆ ನಿಂತು ಹಿಂದಿನ ಸೀಟು ಖಾಲಿ ಮಾಡಿಸುತ್ತಾರೆ. ಅದು ಗೌರವಕ್ಕೋ ಭಯಕ್ಕೋ ನಾನು ಕೇಳಲು ಹೋಗಿಲ್ಲ, ಸೀಟು ಸಿಕ್ಕಿತಲ್ಲ, ಸಾಕು. ಆದರೆ ಉಡಿಗಾಲದಿಂದ ವಾಪಸ್ಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಮೊದಲನೇ ವರ್ಷವೇ ಕಣ್ಣ ಮುಂದೆ ಇತ್ತು. ವರ್ಷ ಅಂದರೆ ವರ್ಷವೂ ಅಲ್ಲ. ಯುಗಾದಿಯ ಮುಂಚಿನ ಸೆಖೆಯಿಂದ ಸೂರ್ಯಕಾಂತಿ ಕೊಯ್ಲಿನವರೆಗಿನ ಒಂದು ಕಾಲ.

ಗುಂಡ್ಲುಪೇಟೆ ದಾಟಿ ಊಟಿ ರಸ್ತೆ ಹಿಡಿದರೆ ಎಡಬಲಕ್ಕೆ ಸಿಗುವ ಊರುಗಳಲ್ಲಿ ನಮ್ಮದೂ ಒಂದು. ನಾನು ಕುದೇರಿನಿಂದ ಈ ಮನೆಗೆ ಸೊಸೆಯಾಗಿ ಬಂದವಳು. ಮನೆಯಲ್ಲಿ ಅತ್ತೆ ಶಿವಮಲ್ಲಮ್ಮ, ನನ್ನ ಗಂಡನ ಅಣ್ಣ ಗುರುಸ್ವಾಮಿ ಭಾವ, ಅವರ ಹೆಂಡತಿ, ನಾವು, ಮಕ್ಕಳು. ಬೇಸಾಯ ಪೂರ್ತಿ ಭಾವನ ಕೈಯಲ್ಲಿತ್ತು. ನಮ್ಮವರು ಗುಂಡ್ಲುಪೇಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದರು. ನಾನು ಬೆಳಿಗ್ಗೆ ಎದ್ದಾಗಿನಿಂದ ಎಲ್ಲರ ಕೆಲಸಕ್ಕೂ ಕೈ ಹಾಕುತ್ತಿದ್ದೆ. ಮುಸುರೆ, ಕೊಟ್ಟಿಗೆ, ಹೊಲಕ್ಕೆ ಬುತ್ತಿ, ಮಗಳ ಶಾಲೆ. ಇದು ನನ್ನದು, ಇದರ ಒಳಿತು ಕೆಡುಕು ನನ್ನ ತಲೆಯ ಮೇಲೆ ಅನ್ನುವಂಥ ಕೆಲಸ ಮಾತ್ರ ಒಂದೂ ಇರಲಿಲ್ಲ.

ಚಾಮರಾಜನಗರದಲ್ಲಿ ಜೇನು ಸಾಕುವ ತರಬೇತಿ ಇದೆ ಎಂದು ನಮ್ಮವರು ಯಾರದೋ ಮಾತು ಕೇಳಿ ಹೆಸರು ಬರೆಸಿ ಬಂದಿದ್ದರು. ಹೊರಡುವ ದಿನ ಅಂಗಡಿಗೆ ಸುಟ್ಟ ಮೋಟರುಗಳ ಸಾಲೇ ಬಂತು. "ಊಟ ಆಕ್ತಾರಂತೆ, ನೀನೇ ಓಗ್ಬುಟ್ಟು ಬಾ" ಅಂದರು. ಊಟಕ್ಕೆಂದೇ ಹೋದವಳು ನಾನು, ಅದರಲ್ಲಿ ಮುಚ್ಚುಮರೆ ಇಲ್ಲ. ಅಲ್ಲಿ ಹೆಚ್ಚಿನವರು ಗಂಡಸರು. ಪಾಠ ಹೇಳುವವರು ಹುಳಗಳು ಮುತ್ತಿಕೊಂಡಿದ್ದ ಒಂದು ಮರದ ಚೌಕಟ್ಟನ್ನು ಪೆಟ್ಟಿಗೆಯಿಂದ ಎತ್ತಿ, ಯಾರು ಹಿಡಿಯುತ್ತೀರಿ ಎಂದು ಕೇಳಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕೈ ಚಾಚಿಬಿಟ್ಟೆ.

ಆ ಚೌಕಟ್ಟು ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಹುಳಗಳು ನನ್ನ ಬೆರಳಿನ ಮೇಲೆ ಹತ್ತಿ, ಉಗುರು ದಾಟಿ, ಮತ್ತೆ ತಮ್ಮ ಮೇಣದ ಎರಿಗೆ ಹೋದವು. ನಾನು ಯಾರು, ಯಾರ ಸೊಸೆ ಎಂದು ಕೇಳಲಿಲ್ಲ. ಕಚ್ಚಲೂ ಇಲ್ಲ. ಜೇನು ಸಾಕುವವರು ಒಂದು ಪೆಟ್ಟಿಗೆಯ ಹುಳಗಳನ್ನೆಲ್ಲ ಸೇರಿಸಿ ಒಂದು ಸಂಸಾರ ಅನ್ನುತ್ತಾರೆ. ಅಂಥದೊಂದು ಸಂಸಾರ ನನಗೆ ಬೇಕು ಎಂದು ಅಲ್ಲೇ ನಿಂತಲ್ಲೇ ತೀರ್ಮಾನವಾಯಿತು.

ತರಬೇತಿ ಮುಗಿದ ಮೇಲೆ ಪೆಟ್ಟಿಗೆ ಕೊಟ್ಟರು. ಹುಳ ಗೂಡು ಸೇರಿದ ಮೇಲೆ ಸಾಗಿಸಬೇಕಾದ್ದರಿಂದ ಲಗೇಜ್ ಆಟೋದಲ್ಲಿ ಅದನ್ನು ತೊಡೆಗಾನಿಸಿಕೊಂಡು ಮನೆ ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ಇಳಿಸಿಕೊಂಡು ಬಾಗಿಲಿಗೆ ಕಾಲಿಡುತ್ತಿದ್ದೆ, ಅತ್ತೆ ಅಡ್ಡ ಬಂದರು.

"ನಿಲ್ಲಮ್ಮಿ! ಇಂಗೇ ಸೀದಾ ನುಗ್ಗುಸ್ಬುಟ್ಟಿಯಾ?"

ಅವರ ಕೈಯಲ್ಲಿ ಅರಿಶಿನ ಸುಣ್ಣ ಕಲಸಿದ ಕೆಂಪು ಆರತಿಯ ತಟ್ಟೆ ಇತ್ತು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು. ಹಿಂದಿನ ದಿನ ಫೋನಿನಲ್ಲಿ, ಪೆಟ್ಟಿಗೆಯೊಳಗೆ ಒಂದು ರಾಣಿ ಇರುತ್ತದೆ, ಅದೇ ಮನೆಯ ಯಜಮಾನಿ ಎಂದು ನಾನೇ ಹೇಳಿದ್ದೆ. ಅದನ್ನು ಅತ್ತೆ ರಾತ್ರಿಯೆಲ್ಲ ಮನಸ್ಸಿನಲ್ಲಿ ಹಾಕಿಕೊಂಡಿದ್ದರು.

"ಎಣ್ಣುಳ ಕಣಮ್ಮಿ ಅದು. ಈ ಮನೆಗೆ ಬರೋ ಎಣ್ಮಗ್ಳ ಆರ್ತಿ ಎತ್ದೆ ಒಳೀಕ್ ಕರ್ಕಂಡೋರು ಯಾರವ್ರೆ?"

"ಅತ್ತೆಮ್ಮ, ಸೇರು ಹೆಂಗೆ ಒದೀತದೆ ಇದು?"

"ಪೆಟ್ಗೆ ಮೂಲೇಲಿ ತಳ್ಳು, ಆಯ್ತದೆ."

ಪೆಟ್ಟಿಗೆಯ ಮೂಲೆಯಿಂದ ಸೇರನ್ನು ತಳ್ಳಿದೆ. ಅಕ್ಕಿ ನಡುಮನೆಗೆ ಚೆಲ್ಲಿತು. ಅತ್ತೆ ಆರತಿ ಎತ್ತಿ, ಪೆಟ್ಟಿಗೆಯ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು. ಒಳಗೆ ಹುಳಗಳು ಗುಂಯ್ ಅನ್ನುತ್ತಿದ್ದವು. ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ನಾವು ಹೀಗೆ ಮುಂಬಾಗಿಲಿನಿಂದ ಒಳಗೆ ಬಂದು, ನಡುಮನೆ ದಾಟಿ, ಹಿತ್ತಲಿಗೆ ಹೋಗಿ, ನುಗ್ಗೆ ಮರದ ಹತ್ತಿರ ಪೆಟ್ಟಿಗೆ ಇಟ್ಟೆವು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟೆ.

ಜಗುಲಿಯಲ್ಲಿ ಕೂತಿದ್ದ ಭಾವ ಇದನ್ನೆಲ್ಲ ನೋಡುತ್ತಿದ್ದರು. ನಮ್ಮಲ್ಲಿ ಗಂಡನ ಅಣ್ಣ ತಮ್ಮನ ಹೆಂಡತಿಯ ಜೊತೆ ಎದುರೆದುರು ಮಾತಾಡುವುದು ಕಡಿಮೆ. ಹೇಳಬೇಕಾದ್ದನ್ನು ತಾಯಿಗೆ ಹೇಳುತ್ತಾರೆ, ಕೇಳಬೇಕಾದವರು ಒಳಗಿನಿಂದ ಕೇಳಿಸಿಕೊಳ್ಳಬೇಕು. "ಅವ್ವಾ, ಕಚ್ಚೋ ಉಳುವ ಯಾರಾರ ಮನೆಗ್ ತಂದ್ಕತ್ತಾರಾ?" ಅಂದರು. ನಾನು ಕೇಳಿಸಿಕೊಂಡೆ.

ಮೊದಲ ವಾರಗಳು ಸಂಭ್ರಮವೋ ಸಂಭ್ರಮ. ಹೊಂಗೆ ಹೂ ಬಿಟ್ಟ ಕಾಲ, ಹುಳಗಳಿಗೆ ಬಿಡುವಿಲ್ಲ. ನನಗೂ ಬಿಡುವಿಲ್ಲ. ಯಾರಾದರೂ ಮನೆಗೆ ಬಂದರೆ ಸಾಕು, ಬನ್ನಿ ತೋರಿಸುತ್ತೇನೆ ಎಂದು ಮುಚ್ಚಳ ಎತ್ತುತ್ತಿದ್ದೆ. ಎರಿ ಎಷ್ಟು ದೊಡ್ಡದಾಯಿತು, ರಾಣಿ ಎಲ್ಲಿದ್ದಾಳೆ, ಮೊಟ್ಟೆ ಇಟ್ಟಳಾ ಎಂದು ದಿನಾ ಇಣುಕುತ್ತಿದ್ದೆ. ಅತ್ತೆಯದು ಇನ್ನೊಂದು. ಪ್ರತಿ ಸೋಮವಾರ ಅವರು ಕೆಂಡದ ಮೇಲೆ ಸಾಂಬ್ರಾಣಿ ಸುರಿದು ಮನೆಯ ಮೂಲೆಮೂಲೆಗೂ ಹೊಗೆ ಹಿಡಿಯುತ್ತಾರೆ. ದೇವರ ಗೂಡು, ಕಣಜ, ಕೊಟ್ಟಿಗೆ, ಹಸುವಿನ ಮುಖ, ಎಲ್ಲದಕ್ಕೂ. ಈಗ ಆ ಸಾಲಿಗೆ ಜೇನು ಪೆಟ್ಟಿಗೆಯೂ ಸೇರಿತು. ಪೆಟ್ಟಿಗೆ ತೆರೆಯುವಾಗ ತೆಂಗಿನ ನಾರಿನ ಹೊಗೆ ತುಸು ತೋರಿಸಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ನಾರಿನ ಹೊಗೆ ಆಗುವುದಾದರೆ ಸಾಂಬ್ರಾಣಿ ಇನ್ನೂ ಒಳ್ಳೆಯದಲ್ಲವೇ ಎಂದು ನಮ್ಮಿಬ್ಬರ ಲೆಕ್ಕ. ಅತ್ತೆ ಬಾಗಿಲ ಕಿಂಡಿಗೇ ಧೂಪದ ಬಟ್ಟಲು ಹಿಡಿದು, ಒಳಗೆ ಹೊಗೆ ತುಂಬುವವರೆಗೆ ಮೊರದಲ್ಲಿ ಬೀಸುತ್ತಿದ್ದರು. ಪ್ರತಿ ಸೋಮವಾರವೂ ವಿಭೂತಿ ಹೊಸದು.

ಒಂದು ಸೋಮವಾರ ನಾನು ರಾಗಿ ಹಿಟ್ಟಿಗೆ ಎಸರಿಡುತ್ತಿದ್ದೆ. ಹಿತ್ತಲಿನಿಂದ ಹಿಟ್ಟಿನ ಗಿರಣಿ ಶುರುವಾದಂಥ ಸದ್ದು ಕೇಳಿಸಿತು. ಓಡಿ ಹೋಗಿ ನೋಡಿದರೆ ಪೆಟ್ಟಿಗೆಯ ಕಿಂಡಿಯಿಂದ ಹುಳಗಳು ಕುದಿಯುವ ಹಾಲು ಉಕ್ಕಿದಂತೆ ಹೊರಗೆ ಬರುತ್ತಿದ್ದವು. ಹಿತ್ತಲಿನ ಆಕಾಶವೆಲ್ಲ ಹುಳ. ಅತ್ತೆ ಕೈಯಲ್ಲಿ ಧೂಪದ ಬಟ್ಟಲು ಹಿಡಿದು ನಿಂತೇ ಇದ್ದರು.

"ಸೊಸೆ ಮುನಿಸ್ಕಂಡ್ಳಾ ರತ್ನಿ?" ಅಂದರು.

ಹುಳಗಳು ಸುತ್ತಿ ಸುತ್ತಿ ಕಡೆಗೆ ನುಗ್ಗೆ ಮರದ ಮೇಲುಗಡೆಯ ಒಂದು ಕೊಂಬೆಗೆ ಸೋರೆಕಾಯಿಯ ಹಾಗೆ ಜೋತುಬಿದ್ದವು. ಹಾಗೆ ಜೋತುಬಿದ್ದ ಹುಳಗಳು ಸ್ವಲ್ಪ ಹೊತ್ತು ಅಲ್ಲೇ ಇರುತ್ತವೆ, ಅಷ್ಟರಲ್ಲಿ ಹಿಡಿಯದಿದ್ದರೆ ಮತ್ತೆ ಸಿಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮವರಿಗೆ ಫೋನ್ ಮಾಡಿದೆ. "ಮೋಟರು ಬಿಚ್ಚಿ ಅರ್ವಿಕಂಡಿವ್ನಿ ಕಣೆ" ಅಂದರು. ಭಾವ ಹೊಲದಲ್ಲಿದ್ದರು, ಇದ್ದಿದ್ದರೂ ಕರೆಯುತ್ತಿರಲಿಲ್ಲ. ನುಗ್ಗೆ ಮರ ಎಂಥದ್ದು ಎಂದು ಎಲ್ಲರಿಗೂ ಗೊತ್ತು. ಬೆಕ್ಕು ಹತ್ತಿದರೂ ಲಟಕ್ಕನೆ ಮುರಿಯುತ್ತದೆ.

ಕೊಟ್ಟಿಗೆಯ ಏಣಿ ತಂದು ಮರದ ಪಕ್ಕದ ಗೋಡೆಗೆ ಸೇರಿಸಿ ನಿಲ್ಲಿಸಿದೆ. ಹಳೆಯ ಸೊಳ್ಳೆ ಪರದೆ ಹರಿದು ತಲೆಯ ಮೇಲೆ ಹೊದ್ದು ಸೊಂಟಕ್ಕೆ ಬಿಗಿದುಕೊಂಡೆ. ತೆಂಗಿನಗರಿಯ ಮಂಕರಿ ಬುಟ್ಟಿಯನ್ನು ತೋಳಿಗೆ ನೇತುಹಾಕಿ, ಬಿಳೀ ಪಂಚೆ ಹೆಗಲಿಗೆ ಹಾಕಿ, ನೀರಿನ ಚೊಂಬು ಹಿಡಿದೆ. ಅತ್ತೆ ಬಟ್ಟಲನ್ನು ಅತ್ತ ಎಸೆದು ಬಂದು ಏಣಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ಅವರ ಕುತ್ತಿಗೆ ಮೇಲೆ ಹುಳ ಹರಿಯುತ್ತಿತ್ತು, ಒಂದೆರಡು ಕಚ್ಚಿಯೂ ಕಚ್ಚಿದವು. ಅವರು "ಶಿವ ಶಿವ" ಅಂದರೇ ಹೊರತು ಏಣಿ ಬಿಡಲಿಲ್ಲ. ಮೇಲೆ ಹೋಗಿ, ಚೊಂಬಿನಿಂದ ಗುಂಪಿನ ಮೇಲೆ ತೆಳ್ಳಗೆ ನೀರು ಚಿಮುಕಿಸಿದೆ. ಮಂಕರಿಯನ್ನು ಅಡಿಗೆ ಹಿಡಿದು ಕೊಂಬೆಯನ್ನು ಒಂದು ಸಲ ಜೋರಾಗಿ ಜಾಡಿಸಿದೆ. ಇಡೀ ಸಂಸಾರ ದೊಪ್ಪನೆ ಮಂಕರಿಗೆ ಬಿತ್ತು. ಬಿಳೀ ಪಂಚೆ ಮುಚ್ಚಿ, ಒಂದೊಂದೇ ಮೆಟ್ಟಿಲು ಇಳಿದೆ.

ಆವತ್ತಿನ ಹೆಮ್ಮೆಯನ್ನು ಹೇಳಿ ಪೂರೈಸಲಾರೆ. ತಪ್ಪಿಸಿಕೊಂಡ ಹಸುವನ್ನು ಹಿಡಿದು ತಂದರೇ ಊರಲ್ಲಿ ನಾಲ್ಕು ದಿನ ಹೇಳಿಕೊಳ್ಳುತ್ತಾರೆ, ನಾನು ಹಾರಿಹೋದ ಜೇನನ್ನು ಹಿಡಿದು ತಂದಿದ್ದೆ.

ಪೆಟ್ಟಿಗೆಯ ವಿಭೂತಿ ಕುಂಕುಮವನ್ನು ಅತ್ತೆಯೇ ಒದ್ದೆ ಬಟ್ಟೆಯಲ್ಲಿ ತಿಕ್ಕಿ ತೆಗೆದರು. ಹೊಗೆಯ ವಾಸನೆ ಹೋಗುವ ತನಕ ಅದನ್ನು ಬಿಸಿಲಿಗೆ ಒಡ್ಡಿ, ಸಂಜೆ ಹಿತ್ತಲ ಮೂಲೆಯ ಹೊಂಗೆ ಮರದ ಕೆಳಗೆ ಇಟ್ಟು ಹುಳಗಳನ್ನು ಒಳಗೆ ಬಿಟ್ಟೆ. ಬಾಗಿಲಿಗೆ ಸಣ್ಣ ಕಿಂಡಿಯ ತಗಡು ಸಿಕ್ಕಿಸಿದೆ. ಉಳಿದವು ಅದರಲ್ಲಿ ನುಸುಳುತ್ತವೆ, ರಾಣಿಯ ಮೈ ಮಾತ್ರ ತೂರುವುದಿಲ್ಲ, ರಾಣಿ ಇಲ್ಲದೆ ಸಂಸಾರ ಹೊರಡುವುದಿಲ್ಲ. ಸಕ್ಕರೆ ಪಾಕ ಇಟ್ಟೆ. "ಒಗೆ ಆಕಿ ಆಕಿ ನಾನೇ ಅಟ್ಬುಟ್ಟಿದ್ದೆ" ಎಂದು ಅತ್ತೆ ನೊಂದುಕೊಂಡರೆ, ದಿನಾ ಬಾಗಿಲು ತೆಗೆದು ಇಣುಕಿದವಳು ನಾನು ಎಂದು ನಾನಂದೆ. ಹೊಸ ಸೊಸೆಯ ಕೋಣೆಯನ್ನು ದಿನಕ್ಕೊಂದು ಸಲ ಯಾರಾದರೂ ಬಂದು ತೆಗೆದು ನೋಡುತ್ತಿದ್ದರೆ ನಾನೂ ತವರಿಗೆ ಹೊರಡುತ್ತಿದ್ದೆ. ಅಲ್ಲಿಂದ ಮುಂದೆ ಅವರು ಧೂಪ ನಿಲ್ಲಿಸಿದರು, ನಾನು ಮುಚ್ಚಳ ಎತ್ತುವುದನ್ನು ಕಡಿಮೆ ಮಾಡಿದೆ. ಹುಳಗಳು ನಿಂತವು.

ಜೇನು ಹಿಡಿದ ಸಂಜೆಯೇ ಭಾವನಿಗೆ ವಿಷಯ ತಿಳಿಯಿತು. ಉಣ್ಣುತ್ತಾ ತಾಯಿಗೆ ಹೇಳಿದರು. "ಅವ್ವಾ, ನೀನ್ ಕಚ್ಚುಸ್ಕಂಡಿದ್ದು ಸಾಕು. ಇತ್ಲು ಇಂದ್ಗಡೆ ವಲಕ್ಕೆ ಸೂರ್ಯಕಾಂತಿ ಆಕ್ತಾ ಇವ್ನಿ. ಊವ ಉಜ್ಜಕ್ಕೆ ಎಣ್ಣಾಳು ಬರ್ಬೇಕು. ಬೆಳೆ ಕುಯ್ಯೋ ಗಂಟ ನೋಡ್ತೀನಿ. ಈ ಉಳದಿಂದ ಬೆಳೆ ಕೆಟ್ರೆ ಪೆಟ್ಗೆ ಕುದೇರ್ಗೆ ಓಗ್ಬೇಕು, ಅಷ್ಟೇಯ."

ಕುದೇರು ಅಂದರೆ ನನ್ನ ತವರು. ಹಿಟ್ಟು ಬಡಿಸುತ್ತಿದ್ದ ನನ್ನ ಕೈ ನಿಂತಿತು. ಪೆಟ್ಟಿಗೆ ತವರಿಗೆ ಹೋಗುವುದೆಂದರೆ ನಾನು ಮಾಡಿದ್ದು ಆಗಲಿಲ್ಲ ಎಂದು ಊರಿಗೇ ಸಾರಿದ ಹಾಗೆ. ಅಂದಿನಿಂದ ಕೊಯ್ಲಿನವರೆಗೆ ನನ್ನ ಜೀವ ಆ ಹೊಲದಲ್ಲೇ ಇತ್ತು.

ಹೂ ಉಜ್ಜುವುದು ಅಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ಸೂರ್ಯಕಾಂತಿ ಅರಳಿದ ಮೇಲೆ ಅದರ ಪುಡಿ ಒಂದು ಹೂವಿನಿಂದ ಇನ್ನೊಂದಕ್ಕೆ ತಾಗಬೇಕು, ಇಲ್ಲದಿದ್ದರೆ ತೆನೆಯ ನಡುಭಾಗದಲ್ಲಿ ಕಾಳು ಜೊಳ್ಳಾಗುತ್ತದೆ. ಅದಕ್ಕೆ ಹೆಂಗಸರು ಬೆಳಿಗ್ಗೆ ಹೊತ್ತಿನಲ್ಲಿ ಅಂಗೈಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು, ಮಗುವಿನ ಕೆನ್ನೆ ಒರೆಸಿದ ಹಾಗೆ ಹೂವಿನಿಂದ ಹೂವಿಗೆ ಕೈಯಾಡಿಸುತ್ತಾ ಸಾಲು ಹಿಡಿದು ಹೋಗುತ್ತಾರೆ. ನಮ್ಮಲ್ಲಿಗೆ ಪ್ರತಿ ವರ್ಷ ಚಿಕ್ಕತಾಯಮ್ಮನ ಗುಂಪು ಬರುತ್ತಿತ್ತು. ನಮಗೆ ಎರಡು ಹೊಲ. ಒಂದು ಹಿತ್ತಲಿಗೆ ಅಂಟಿಕೊಂಡದ್ದು, ಇನ್ನೊಂದು ರಸ್ತೆಯಾಚೆ ದೂರದ್ದು. ಆ ವರ್ಷ ಎರಡಕ್ಕೂ ಸೂರ್ಯಕಾಂತಿ.

ಮಳೆ ಹದವಾಗಿ ಬಂತು. ಗೋಪಾಲಸ್ವಾಮಿ ಬೆಟ್ಟದ ತಲೆಗೆ ಬೆಳಿಗ್ಗೆಯೇ ಮೋಡ ಕಟ್ಟುತ್ತಿತ್ತು, ಗಾಳಿ ಬೀಸಿ ಮಧ್ಯಾಹ್ನಕ್ಕೆ ಬಿಸಿಲು. ಗಿಡ ಎದೆಯೆತ್ತರಕ್ಕೆ ಬಂದು ಹೊಲ ಹಳದಿಯಾಯಿತು. ಊಟಿಗೆ, ಕೇರಳಕ್ಕೆ ಹೋಗುವ ಕಾರುಗಳು ರಸ್ತೆ ಬದಿಗೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರು ಹೂವಿನ ಪಕ್ಕ ನಗುತ್ತಾ ನಿಂತರೆ ಭಾವ ಕೋಲು ಹಿಡಿದು ಸಾಲು ತುಳಿಯದಂತೆ ಕಾಯುತ್ತಿದ್ದರು. ನನ್ನ ಹುಳಗಳಿಗೆ ಅದರ ಹಂಗೇನೂ ಇರಲಿಲ್ಲ. ಹೊತ್ತು ಏರಿದ ಕೂಡಲೇ ಹಿತ್ತಲ ಬೇಲಿ ದಾಟಿ ಹೊಲಕ್ಕೆ ಇಳಿಯುತ್ತಿದ್ದವು. ವಾಪಸ್ಸು ಬರುವಾಗ ಹಿಂಗಾಲಿಗೆ ಅರಿಶಿನದ ಉಂಡೆ ಕಟ್ಟಿಕೊಂಡಿರುತ್ತಿದ್ದವು. ಅತ್ತೆ ಕೆಲಸವಿಲ್ಲದ ಹೊತ್ತಿನಲ್ಲಿ ಪೆಟ್ಟಿಗೆಯ ಪಕ್ಕಕ್ಕೆ ಮಣೆ ಹಾಕಿಕೊಂಡು ಕೂರುವುದನ್ನು ಕಲಿತರು. "ಈವತ್ತು ಬಿರ್ನೆ ಬಂದ್ಬುಟ್ಟವೆ, ಮಳೆ ಬತ್ತದೆ, ಒಣಾಕಿರೋದ ಎತ್ತಮ್ಮಿ" ಅನ್ನುತ್ತಿದ್ದರು. ಬರುತ್ತಿತ್ತು.

ಚಿಕ್ಕತಾಯಮ್ಮನ ಗುಂಪು ಹೂ ಉಜ್ಜಲು ಬಂದ ಮೊದಲ ದಿನವೇ ಹಿತ್ತಲ ಹೊಲದಲ್ಲಿ ಒಬ್ಬಳ ರೆಪ್ಪೆಗೆ ಹುಳ ಕಚ್ಚಿತು. ಕಣ್ಣು ಊದಿ ಬಜ್ಜಿಯ ಹಾಗಾಯಿತು. ಚಿಕ್ಕತಾಯಮ್ಮ ಅಂಗೈಯ ಬಟ್ಟೆ ಬಿಚ್ಚಿ ಜಗುಲಿಗೆ ಬಂದಳು.

"ಗುರುಸ್ವಾಮಣ್ಣ, ಒಂದೊಂದ್ ಊವ್ಗೂ ಎಲ್ಡೆಲ್ಡ್ ಉಳ ಕುಂತವೆ. ಆ ವಲ್ದಲ್ಲಿ ನಮ್ ಕೈಯಿ ಇಕ್ಕಕ್ಕಾಗಲ್ಲ. ರಸ್ತೆ ಆಚೆದು ಉಜ್ಕೊಡ್ತೀವಿ, ಇದು ಆಗಲ್ಲ ಕಣಪ್ಪ."

ಭಾವ ನನ್ನ ಕಡೆ ತಿರುಗಲಿಲ್ಲ. ಮುಖ ಮಾತ್ರ ಗಂಟಾಯಿತು. ನಾನು ಬಾಗಿಲ ಹಿಂದಿನಿಂದ, "ಅತ್ತೆಮ್ಮ, ಹುಳ ಕೂತಿರೋದೇ ಉಜ್ಜೋದು ಅಂತ ಹೇಳಿ. ಕೈಗಿಂತ ಚೆನ್ನಾಗಿ ಉಜ್ತವೆ" ಅಂದೆ. ಭಾವ ನಕ್ಕುಬಿಟ್ಟರು. "ಅಂಗಂದ್ರೆ ಈ ಸಲ ಬೆಳೆ ಉಳದ್ ತಲೆ ಮ್ಯಾಲೆ ಅನ್ನು" ಅಂದರು. ಹುಳದ ತಲೆಯ ಮೇಲೆ ಅಂದರೆ ನನ್ನ ತಲೆಯ ಮೇಲೆ. ದೂರದ ಹೊಲ ಎಂದಿನಂತೆ ಉಜ್ಜಿಸಿಕೊಂಡಿತು, ಹಿತ್ತಲ ಹೊಲ ಜೇನಿನ ಪಾಲಿಗೆ ಉಳಿಯಿತು.

ಅದಾಗಿ ಕೆಲವು ದಿನಕ್ಕೆ ಗಿಡಗಳಿಗೆ ಎಲೆ ತಿನ್ನುವ ಹಸಿರು ಹುಳು ಬಿತ್ತು. ಭಾವ ಆಳು ಕರೆಸಿ ಬೆಳಿಗ್ಗೆಯೇ ಮದ್ದು ಹೊಡೆಸಿದರು. ನಾನು ಮಗಳನ್ನು ಶಾಲೆಯ ವ್ಯಾನು ಹತ್ತಿಸಿ ಬರುವಷ್ಟರಲ್ಲಿ ಪೆಟ್ಟಿಗೆಯ ಮುಂದೆ ನೆಲ ಕಪ್ಪಾಗಿತ್ತು. ಸತ್ತವು ಸತ್ತಿದ್ದವು, ಉಳಿದವು ನಾಲಿಗೆ ಚಾಚಿಕೊಂಡು ಬುಗುರಿಯ ಹಾಗೆ ಬೆನ್ನ ಮೇಲೆ ಸುತ್ತುತ್ತಿದ್ದವು. ಕಾಲಿನ ಅರಿಶಿನದ ಉಂಡೆ ಹಾಗೇ ಇತ್ತು. ಅಷ್ಟು ದೂರ ಹೊತ್ತು ತಂದು ಬಾಗಿಲಲ್ಲೇ ಬಿದ್ದಿದ್ದವು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮೊರಕ್ಕೆ ಗುಡಿಸಿ ತುಂಬಿಕೊಂಡೆ. ನೇರ ಜಗುಲಿಗೆ ಹೋಗಿ ಭಾವನ ಮುಂದೆ ಇಟ್ಟೆ. ಸೆರಗು ತಲೆಯ ಮೇಲಿತ್ತೋ ಇಲ್ಲವೋ ಜ್ಞಾಪಕವಿಲ್ಲ.

"ಭಾವ, ಮದ್ದು ಹೊಡೀಬ್ಯಾಡಿ ಅಂತ ನಾನು ಹೇಳಲ್ಲ. ಗಿಡಕ್ಕೆ ಹುಳು ಬಿದ್ದದೆ, ಹೊಡೀಬೇಕು. ಸಂಜೆಗೆ ಹೊಡೀರಿ. ಸಂಜೆಗೆ ಇವು ಮನೆ ಸೇರಿರ್ತವೆ. ಬೆಳಿಗ್ಗೆ ಹೊಡೆದ್ರೆ ಹೂವಿನ ಮೇಲಿರೋದೆಲ್ಲ ಸಾಯ್ತವೆ. ಇವು ಸತ್ರೆ ಹೂವ ಉಜ್ಜೋರು ಯಾರು?"

ಭಾವ ಮೊರ ನೋಡಿದರು. ಒಳಗೆ ತಿರುಗಿ ಕೂಗಿದರು. "ಅವ್ವಾ, ಸಂಜೆಗೆ ಆಳ ಎಲ್ಲಿಂದ ತರನ? ಬೆಳಿಗ್ಗೆ ಬಂದೋರು ಮದ್ಯಾನುಕ್ಕೇ ಓಯ್ತಾರೆ. ಉಳಕ್ಕೋಸ್ಕರ ಬೇಸಾಯ ಬುಡಕ್ಕಾದದಾ? ಅಷ್ಟ್ ಕಷ್ಟ ಆದ್ರೆ ಕುದೇರ್ಗೆ ಈವತ್ತೇ ಸಾಗುಸ್ಬುಡಿ."

ಅತ್ತೆ ಆಗತಾನೆ ಲಿಂಗಪೂಜೆ ಮುಗಿಸಿ ಎದ್ದಿದ್ದರು. ಹಣೆಯ ವಿಭೂತಿ ಇನ್ನೂ ಹಸಿ. ಹೊಸಿಲ ಹತ್ತಿರ ಬಂದು ಮೊರದೊ‍ಳಗೆ ಬಗ್ಗಿ ನೋಡಿದರು. ಒಂದು ಹುಳ ಇನ್ನೂ ಸುತ್ತುತ್ತಿತ್ತು.

"ಗುರುಸ್ವಾಮಿ, ಯಾರ್ನ ಕುದೇರ್ಗೆ ಅಟ್ಟದು?" ಅಂದರು. ದನಿ ಏರಿಸಲಿಲ್ಲ. "ನಾನ್ ಆರ್ತಿ ಎತ್ತಿ ಒಳೀಕ್ ಕರ್ಕಂಡಿವ್ನಿ. ಇದೇ ವಸ್ಲಲ್ಲಿ ಸೇರು ತಳ್ಕಂಡು ಬಂದವ್ಳೆ. ತಪ್ಪಿಲ್ದ ಸೊಸೇನ ತವ್ರಿಗಟ್ಟಿದ್ ಮನೆ ಅಲ್ಲ ಕಣಪ್ಪ ಇದು. ಉಣ್ಣೋ ಎಲೆಗೆ ನೀನೇ ಇಸ ಆಕ್ಬುಟ್ಟು, ಈಗ ನೀನೇ ಮನೆ ಬುಟ್ಟೋಗು ಅಂದೀಯಾ?"

ಭಾವ ಎದ್ದು ಟವೆಲು ಕೊಡವಿ ಹೊಲದ ಕಡೆ ಹೋದರು. ನಾನು ಮೊರ ಎತ್ತಿಕೊಂಡು ಒಳಗೆ ಬಂದೆ. ಧೂಪದ ವಿಷಯದಲ್ಲಿ ಅತ್ತೆಯ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಉಳಿದಿದ್ದ ಮುನಿಸು ಆ ಕ್ಷಣಕ್ಕೆ ತೊಳೆದುಹೋಯಿತು. ನಾವೆಲ್ಲ ನಕ್ಕಿದ್ದ ಆ ಆರತಿಯನ್ನು ಅವರು ಒಬ್ಬರೇ ನಿಜ ಎಂದು ನಂಬಿದ್ದರು.

ಉಳಿದ ಹುಳಗಳನ್ನು ಉಳಿಸಿಕೊಳ್ಳಲು ಪಾಕ ಇಟ್ಟೆ, ನೀರು ಇಟ್ಟೆ, ಒಂದೆರಡು ದಿನ ಬಾಗಿಲು ಕಿರಿದು ಮಾಡಿದೆ. ರಾಣಿ ಬದುಕಿದ್ದಳು. ಎರಿಯಲ್ಲಿದ್ದ ಮರಿಗಳು ಒಂದೊಂದೇ ಮೇಣದ ಮುಚ್ಚಳ ಕಡಿದು ಹೊರಬಂದವು. ಗಿಡದ ಹಸಿರು ಹುಳು ಪೂರ್ತಿ ಹೋಗಿರಲಿಲ್ಲವಾದ್ದರಿಂದ ಮದ್ದು ಇನ್ನೊಂದು ಸಲ ಹೊಡೆಯಲೇಬೇಕಿತ್ತು. ಯಾವತ್ತು ಹೊಡೆಯುತ್ತಾರೋ ಎಂದು ನಾನು ಬೆಳಿಗ್ಗೆ ಎದ್ದ ಕೂಡಲೇ ಹೊಲದ ಕಡೆ ಕಿವಿ ಇಟ್ಟಿರುತ್ತಿದ್ದೆ.

ಒಂದು ಸಂಜೆ ಹುಳಗಳೆಲ್ಲ ಗೂಡು ಸೇರಿ, ಕಿಂಡಿಯಲ್ಲಿ ನಾಲ್ಕೈದು ಕಾವಲಿನವು ಮಾತ್ರ ಉಳಿದಿದ್ದವು. ಹೊಲದೊಳಗೆ ಪಂಪಿನ ಸದ್ದು ಕೇಳಿಸಿತು. ಬೇಲಿಯ ಹತ್ತಿರ ಹೋಗಿ ನೋಡಿದೆ. ಭಾವ ಮೂಗಿಗೆ ಟವೆಲು ಕಟ್ಟಿಕೊಂಡು, ಬೆನ್ನಿಗೆ ಡ್ರಮ್ಮು ಹೊತ್ತು, ಒಬ್ಬರೇ ಸಾಲಿನಿಂದ ಸಾಲಿಗೆ ಮದ್ದು ಹೊಡೆಯುತ್ತಿದ್ದರು. ಆಳು ಸಿಕ್ಕಿರಲಿಲ್ಲ, ಸಿಗುವುದಿಲ್ಲ ಎಂದು ಅವರೇ ಹೇಳಿದ್ದರಲ್ಲ. ನಾನು ತೊಟ್ಟಿಯಿಂದ ಎರಡು ಬಿಂದಿಗೆ ನೀರು ತಂದು ಬದುವಿನ ಮೇಲಿಟ್ಟೆ. ಅವರು ಬಂದು ಡ್ರಮ್ಮಿಗೆ ತುಂಬಿಕೊಂಡು ಮತ್ತೆ ಹೋದರು. ಮತ್ತೆರಡು ತಂದಿಟ್ಟೆ. ಹಾಗೇ ಆ ಸಂಜೆಯ ಕೆಲಸ ಮುಗಿಯಿತು.

ಹೂವಿನ ದಳ ಉದುರಿ ತೆನೆಗಳು ತಲೆ ತಗ್ಗಿಸಿದವು. ಅವುಗಳ ಬೆನ್ನು ಹಸಿರಿನಿಂದ ನಿಂಬೆ ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಹೊಲಕ್ಕೆ ಹೋಗಿ ತೆನೆ ಒತ್ತಿ ನೋಡುವ ಧೈರ್ಯ ನನಗಿರಲಿಲ್ಲ. ಜೊಳ್ಳು ಸಿಕ್ಕರೆ ಅಷ್ಟು ದಿನ ಮೊದಲೇ ಸಂಕಟ ಶುರುವಾಗುತ್ತದಲ್ಲ.

ಕೊಯ್ಲಿನ ದಿನ ಭಾವ ಮೊದಲು ರಸ್ತೆಯಾಚೆಯ ಹೊಲ ಮುಗಿಸಿ, ಆಮೇಲೆ ಹಿತ್ತಲ ಹೊಲಕ್ಕೆ ಬಂದರು. ನಾನು ಬೇಲಿಯ ಈಚೆ ಬಟ್ಟೆ ಹರವುವ ನೆಪದಲ್ಲಿ ನಿಂತಿದ್ದೆ. ಅವರು ಒಂದು ತೆನೆ ಕಿತ್ತು ನಡುಭಾಗಕ್ಕೆ ಹೆಬ್ಬೆರಳು ಒತ್ತಿದರು. ಅದನ್ನು ಬಿಟ್ಟು ಇನ್ನೊಂದು ಕಿತ್ತರು. ಅಲ್ಲಿಂದ ನಾಲ್ಕು ಸಾಲು ಒಳಗೆ ಹೋಗಿ ಮತ್ತೊಂದು ಒತ್ತಿದರು. ನಂಬಿಕೆ ಬಾರದವರ ಹಾಗೆ ಹೊಲದ ನಡುವಿನ ತನಕ ನಡೆದು ಅಲ್ಲೂ ಒತ್ತಿ ನೋಡಿದರು. ಬರುವಾಗ ಎರಡೂ ಹೊಲದ ಒಂದೊಂದು ತೆನೆ ತಂದು ಜಗುಲಿಯಲ್ಲಿ ತಾಯಿಯ ಮುಂದೆ ಇಟ್ಟು ಕೈಕಾಲು ತೊಳೆಯಲು ಹೋದರು. ಕೈಯಲ್ಲಿ ಉಜ್ಜಿಸಿದ ತೆನೆ ಅಂಚಿಗೆ ಚೆನ್ನಾಗಿತ್ತು, ನಡುವೆ ಒತ್ತಿದರೆ ಪುಸಕ್ಕನೆ ಒಳಕ್ಕೆ ಹೋಯಿತು. ಹಿತ್ತಲ ಹೊಲದ್ದು ಅಂಚಿನಿಂದ ನಡು ತನಕ ಕಾಳು. ಅತ್ತೆಯ ಹೆಬ್ಬೆರಳು ಒಂದು ಕಡೆಯೂ ಇಳಿಯಲಿಲ್ಲ.

"ನೋಡಮ್ಮಿ, ನಡೂ ಗಂಟ ತುಂಬದೆ" ಎಂದು ಅತ್ತೆ ನನ್ನ ಕೈ ಹಿಡಿದು ಒತ್ತಿಸಿದರು. ನಾನು ಒತ್ತಿದೆ. ನನ್ನ ಹೆಬ್ಬೆರಳಿಗೆ ನೋವಾಯಿತು, ಅಷ್ಟು ಗಟ್ಟಿ.

ತೆನೆ ಬಡಿಯಲು ಬಂದ ಚಿಕ್ಕತಾಯಮ್ಮ ಎರಡು ರಾಶಿಯನ್ನೂ ಬೊಗಸೆಯಲ್ಲಿ ತೂಗಿ ನೋಡಿ, "ನಮ್ಗಿಂತ ಸಂದಾಗಿ ಉಜ್ಜವೆ ಕಣವ್ವ, ಕೂಲಿನೂ ಕೇಳ್ನಿಲ್ಲ" ಎಂದು ನಕ್ಕಳು. ಅವಳ ಮಾತು ನನ್ನ ಮನಸ್ಸಿನಲ್ಲಿ ಕೂತಿತು. ಮಾರನೆಯ ವರ್ಷ ನಮ್ಮ ಜೇನಿನ ಸಂಸಾರ ಒಡೆದು ಎರಡಾದಾಗ ಒಂದನ್ನು ಅವಳ ಹಿತ್ತಲಿಗೇ ಕೊಟ್ಟೆ. ಇವತ್ತು ಅವಳ ಹತ್ತಿರ ನನಗಿಂತ ಒಂದು ಪೆಟ್ಟಿಗೆ ಹೆಚ್ಚೇ ಇದೆ, ಅದನ್ನು ನನಗೆ ಹೇಳಿ ತೋರಿಸುತ್ತಲೂ ಇರುತ್ತಾಳೆ.

ಮೊದಲ ಜೇನು ತೆಗೆದದ್ದೂ ಆಗಲೇ. ಹೆಚ್ಚೇನೂ ಅಲ್ಲ. ಸೂರ್ಯಕಾಂತಿಯ ಜೇನಿಗೆ ಕಾಸಿದ ತುಪ್ಪದ ಬಣ್ಣ, ಗಂಟಲಿಗೆ ಇಳಿಯುವಾಗ ಸ್ವಲ್ಪ ಖಾರ. ಅತ್ತೆ ಮೊದಲ ಹನಿಯನ್ನು ಎಡ ಅಂಗೈಯ ಲಿಂಗದ ಮೇಲೆ ಬಿಟ್ಟುಕೊಂಡು ಕಣ್ಣು ಮುಚ್ಚಿ ಕೂತರು. ಮಕ್ಕಳು ರೊಟ್ಟಿಗೆ ಸುರಿದುಕೊಂಡು ಮೊಣಕೈ ತನಕ ಅಂಟು ಮಾಡಿಕೊಂಡರು. ಭಾವನಿಗೆ ಲೋಟದಲ್ಲಿ ಕಳಿಸಿದೆ. ಲೋಟ ತೊಳೆಯುವ ಕೆಲಸವಿಲ್ಲದಂತೆ ವಾಪಸ್ಸು ಬಂತು. ಆದರೆ ಪೆಟ್ಟಿಗೆ ಇರುವುದೋ ಹೋಗುವುದೋ ಎಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಕೇಳಿ ಹೇಳಿಸಿಕೊಳ್ಳುವುದು ನನಗೂ ಇಷ್ಟವಿರಲಿಲ್ಲ.

ಕೊಯ್ಲು ಮುಗಿದ ಹೊಸತು. ನಮ್ಮ ಹೊಲ ಬರೀ ಕಡ್ಡಿ. ಪಕ್ಕದ ನಂಜಪ್ಪನ ಹೊಲದಲ್ಲಿ ಕುಂಬಳದ ಬಳ್ಳಿ ಹೂವಾಗಿತ್ತು, ಹುಳಗಳು ಬೆಳಿಗ್ಗೆಯಿಂದ ಅಲ್ಲಿಗೇ ಸಾಲು ಕಟ್ಟಿದ್ದವು. ಹಸುವಿಗೆ ಕಲಗಚ್ಚು ಇಟ್ಟು ತಲೆಯೆತ್ತಿದರೆ ನಂಜಪ್ಪ ಬೆನ್ನಿಗೆ ಡ್ರಮ್ಮು ಹಾಕಿಕೊಂಡು ಬಳ್ಳಿಯ ಕಡೆ ನಡೆಯುತ್ತಿದ್ದ. ಬಕೆಟ್ ಅಲ್ಲೇ ಬಿಟ್ಟು ಬೇಲಿಯ ಹತ್ತಿರ ಓಡಿದೆ. ಬೇರೆಯವರ ಹೊಲ, ಬೇರೆಯವರ ಮದ್ದು, ಏನೆಂದು ಕೂಗಲಿ ಎಂದು ತೋಚದೆ ನಿಂತೆ.

ಅಷ್ಟರಲ್ಲಿ ನಮ್ಮ ಬದುವಿನ ಮೇಲಿಂದ ಭಾವನ ದನಿ ಬಂತು. "ಏ ನಂಜಪ್ಪಾ, ನಿಲ್ಸ್ಲಾ! ಈಗ ಒಡೀಬ್ಯಾಡ ಕಣ್ಲಾ!"

"ಯಾಕ್ಲಾ? ನನ್ ಬಳ್ಳಿ, ನನ್ ಮದ್ದು."

"ಸಂಜೆಗೆ ಒಡ್ಕೊ, ಬೇಕಾದ್ರೆ ನಾನೇ ಬಂದು ಡ್ರಮ್ ಒರ್ತೀನಿ. ನಮ್ಮನೆ ಜೇನು ಮೇಯಕ್ಕೆ ಬಂದವೆ."

ನಂಜಪ್ಪ ಒಂದು ಕ್ಷಣ ಬಳ್ಳಿಯನ್ನೂ ಭಾವನನ್ನೂ ನೋಡಿದ. ಆಮೇಲೆ ಡ್ರಮ್ಮು ಇಳಿಸಿ ಗೊಣಗುತ್ತಾ ಮನೆಯ ಕಡೆ ಹೊರಟ. ಅವನು ಎಲ್ಲಾದರೂ ವಾಪಸ್ಸು ಬಂದಾನು ಎಂದು, ಬಿಸಿಲೇರಿ ಕುಂಬಳದ ಹೂ ಮುದುಡಿ ಕೊನೆಯ ಹುಳ ಹಿತ್ತಲಿಗೆ ಹಾರುವವರೆಗೂ ಭಾವ ಆ ಬದುವಿನ ಮೇಲಿಂದ ಕದಲಲಿಲ್ಲ. ನಾನೂ ಬೇಲಿ ಬಿಟ್ಟು ಕದಲಲಿಲ್ಲ.